ಹೆಸರು ಹುಬ್ಬಳ್ಳಿದು, ಆಟ ಬೆಂಗಳೂರಾಗ

ಆಗಸ್ಟ್ ಬಂತೆಂದರೆ ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಹೆಸರು ಬಿಡಿಸುವ ಗಡಿಬಿಡಿ. ಜಡಿಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಬಿಸಿಲು ಬಿದ್ದರೆ ಆಳು ಸಿಗುವುದಿಲ್ಲ. ಮಹಾರಾಜ ಟ್ರೋಫಿ ಟಿ20 ಕ್ರಿಕೆಟ್ ಬರುವುದೂ ಅದೇ ತಿಂಗಳಲ್ಲಿ. ಸಂಜೆ ಗಿರ್ಮಿಟ್ ಅಂಗಡಿಯ ಮುಂದೆ ಒಂದು ಮೊಬೈಲನ್ನು ನೀರಿನ ಜಗ್ಗಿಗೆ ಆನಿಸಿ ನಿಲ್ಲಿಸುತ್ತಾರೆ. ಏಳೆಂಟು ತಲೆ ಅದರ ಮೇಲೆ ಬಗ್ಗುತ್ತವೆ. ಆಟಕ್ಕಿಂತ ಮೊದಲೇ ಜಗಳ ಶುರು: ಈ ಸಲ ಯಾವ ತಂಡ ಗಟ್ಟಿ? ಒಂದನೇ ನಂಬರ್ ಯಾರಿಗೆ, ಆರನೇದು ಯಾರಿಗೆ?

“ಬೆಂಗಳೂರು ಒಂದನೇ ನಂಬರ್ ಬಿಡಪಾ. ಮಯಾಂಕ್ ಅಗರ್ವಾಲ್ ಅದಾನ.”

“ಮಯಾಂಕ್ ಅದಾನ ಖರೇ, ಕಪ್ ಎಲ್ಲೈತಿ ಹೇಳು?”

ಈ ಎರಡನೇ ಮಾತಿಗೆ ಉತ್ತರ ಕೊಡುವುದು ಕಷ್ಟ. ಮಹಾರಾಜ ಟ್ರೋಫಿ 2022ರಲ್ಲಿ ಆರಂಭವಾಯಿತು. ಆ ವರ್ಷ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿತು, 2023ರಲ್ಲಿ ಹುಬ್ಬಳ್ಳಿ ಟೈಗರ್ಸ್, 2024ರಲ್ಲಿ ಮೈಸೂರು ವಾರಿಯರ್ಸ್, 2025ರಲ್ಲಿ ಮಂಗಳೂರು ಡ್ರ್ಯಾಗನ್ಸ್. ನಾಲ್ಕು ವರ್ಷ, ನಾಲ್ಕು ಊರು. ಬೆಂಗಳೂರು ಬ್ಲಾಸ್ಟರ್ಸ್ ಎರಡು ಸಲ ಫೈನಲ್ ಮುಟ್ಟಿ ಎರಡು ಸಲವೂ ಸೋತಿದೆ. ಸೀಸನ್ ಆರಂಭದಲ್ಲಿ ಪಟ್ಟಿ ಮಾಡುವವರು ಬೆಂಗಳೂರನ್ನು ಮೇಲೆ ಇಡುತ್ತಾರೆ, ಕೊನೆಯಲ್ಲಿ ಆ ಪಟ್ಟಿಯನ್ನು ಯಾರೂ ನೆನಪಿಸುವುದಿಲ್ಲ.

ಹುಬ್ಬಳ್ಳಿ ಅಭಿಮಾನಿಗಳ ಹತ್ತಿರ ಇದಕ್ಕೆ ಬ್ರಹ್ಮಾಸ್ತ್ರದಂಥ ಒಂದು ಸಾಕ್ಷಿ ಇದೆ. 2024ರ ಆಗಸ್ಟ್ 23, ಚಿನ್ನಸ್ವಾಮಿ ಕ್ರೀಡಾಂಗಣ. ಹುಬ್ಬಳ್ಳಿ 164ಕ್ಕೆ ಎಲ್ಲರೂ ಔಟ್, ಬೆಂಗಳೂರು ಕೂಡ 164. ಸೂಪರ್ ಓವರ್ ಆಡಿಸಿದರು, ಅದೂ ಟೈ. ಎರಡನೇ ಸೂಪರ್ ಓವರ್, ಅದೂ ಟೈ. ಮೂರನೇದರಲ್ಲಿ ಬೆಂಗಳೂರು 12 ಹೊಡೆಯಿತು. ಕೊನೆಯ ಚೆಂಡಿಗೆ ಮನ್ವಂತ್ ಕುಮಾರ್ ಬೌಂಡರಿ ಬಾರಿಸಿ ಹುಬ್ಬಳ್ಳಿಯನ್ನು ಗೆಲ್ಲಿಸಿದರು. ಮೂರು ಸೂಪರ್ ಓವರ್ ಕಂಡ ಮೊದಲ ಟಿ20 ಪಂದ್ಯ ಎಂದು ದೇಶವೆಲ್ಲ ಸುದ್ದಿಯಾಯಿತು. ಆ ರಾತ್ರಿಯ ಕಥೆ ನಮ್ಮ ಕಡೆ ಈಗಲೂ ಚೆಂಡು ಚೆಂಡಾಗಿ ಹೇಳಿಸಿಕೊಳ್ಳುತ್ತದೆ. ಆದರೆ ಆ ವರ್ಷದ ಕಪ್ ಹುಬ್ಬಳ್ಳಿಗೆ ಬರಲಿಲ್ಲ ಎಂಬುದನ್ನು ಹೇಳುವವರು ತುಸು ಮೆಲ್ಲಗೆ ಹೇಳುತ್ತಾರೆ.

ಕಪ್‌ಗಳ ಲೆಕ್ಕವೂ ಅಷ್ಟು ಸುಲಭವಲ್ಲ. ಹಳೆಯ ಕರ್ನಾಟಕ ಪ್ರೀಮಿಯರ್ ಲೀಗ್‌ನ (ಕೆಪಿಎಲ್) 2019ರ ಕೊನೆಯ ಸೀಸನ್ ಗೆದ್ದದ್ದೂ ಹುಬ್ಬಳ್ಳಿಯೇ, ಫೈನಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ವಿರುದ್ಧ 8 ರನ್‌ಗಳಿಂದ. ಆಮೇಲೆ ಆ ಫೈನಲ್ ಸುತ್ತಲೇ ಫಿಕ್ಸಿಂಗ್ ಆರೋಪ ಬಂತು, ಬಳ್ಳಾರಿಯ ಇಬ್ಬರು ಆಟಗಾರರ ಬಂಧನವಾಯಿತು, ಲೀಗ್ ನಿಂತೇ ಹೋಯಿತು. 2022ರಲ್ಲಿ ಹೈಕೋರ್ಟ್, ಫಿಕ್ಸಿಂಗ್ ಎಂಬುದು ದಂಡ ಸಂಹಿತೆಯ ವಂಚನೆಯ ಕಲಮಿನಡಿ ಬರುವುದಿಲ್ಲ ಎಂದು ಪ್ರಕರಣ ರದ್ದು ಮಾಡಿತು. “ಆ ಕಪ್ ಎಣಿಸೋದೋ ಬ್ಯಾಡೋ” ಎಂಬ ವಾದ ಮಾತ್ರ ರದ್ದಾಗಿಲ್ಲ. 2023ರಲ್ಲಿ ಮನೀಷ್ ಪಾಂಡೆ ನಾಯಕತ್ವದಲ್ಲಿ ಮೈಸೂರಿನ ಮೇಲೆ ಗೆದ್ದ ಅಂತರವೂ 8 ರನ್ನೇ. ಇದಕ್ಕೆ ಯಾರ ತಕರಾರೂ ಇಲ್ಲ. 2025ರ ಫೈನಲ್ ಇನ್ನೊಂದು ತರಹ. ಮಂಗಳೂರಿನ ಎದುರು ಮಳೆಯಿಂದ ಪಂದ್ಯ ಅರ್ಧಕ್ಕೆ ನಿಂತಿತು, ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ ವಿಜೆಡಿ ಲೆಕ್ಕದಲ್ಲಿ ಹುಬ್ಬಳ್ಳಿ 14 ರನ್ ಹಿಂದೆ. ಹೊಲದಲ್ಲಿ ಹೆಸರು ಕೆಡಿಸುವ ಮಳೆಗಾಲವೇ ಕಪ್ಪನ್ನೂ ಒಯ್ದಿತು ಎಂದು ಬೈದವರಿದ್ದಾರೆ.

ತಂಡದ ಬಲಾಬಲದ ಜಗಳ ಇಷ್ಟಕ್ಕೆ ಮುಗಿದರೆ ಅದು ಬರೀ ಹರಟೆ. ಅರ್ಧ ತಾಸಾದ ಮೇಲೆ ಯಾರಾದರೊಬ್ಬರು ಬೇರೆ ಪ್ರಶ್ನೆ ಎತ್ತುತ್ತಾರೆ. ಹುಬ್ಬಳ್ಳಿ ತಂಡ ಹುಬ್ಬಳ್ಳಿಯಲ್ಲಿ ಯಾಕೆ ಆಡುವುದಿಲ್ಲ?

ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. ಕೆಪಿಎಲ್ ಪಂದ್ಯಗಳು ಅಲ್ಲಿ ನಡೆದಿವೆ, ರಣಜಿ ನಡೆಯುತ್ತಿದೆ. 2024ರ ಜನವರಿಯಲ್ಲಿ ಪಂಜಾಬ್ ವಿರುದ್ಧ ದೇವದತ್ತ ಪಡಿಕ್ಕಲ್ 193 ಹೊಡೆದದ್ದು ಅಲ್ಲೇ. ಮರುವರ್ಷದ ಹರಾಜಿನಲ್ಲಿ ಅದೇ ಪಡಿಕ್ಕಲ್‌ರನ್ನು ಹುಬ್ಬಳ್ಳಿ ಟೈಗರ್ಸ್ 13.20 ಲಕ್ಷಕ್ಕೆ ಕೊಂಡಿತು, ಆ ಹರಾಜಿನಲ್ಲೇ ದೊಡ್ಡ ಬೆಲೆ. ಆದರೆ ಹುಬ್ಬಳ್ಳಿಯ ಜೆರ್ಸಿ ತೊಟ್ಟು ಅವರು ಆಡಿದ್ದು ಮೈಸೂರಿನಲ್ಲಿ. ಮೊದಲ ನಾಲ್ಕು ವರ್ಷ ಮಹಾರಾಜ ಟ್ರೋಫಿ ಬೆಂಗಳೂರು, ಮೈಸೂರು ಬಿಟ್ಟು ಆಚೆ ಬರಲಿಲ್ಲ.

ಕಾರಣ ಕೇಳಿದರೆ ಒಂದೇ ಪದ: ಮಾರುಕಟ್ಟೆ. ಪ್ರಾಯೋಜಕರು ಅಲ್ಲಿದ್ದಾರೆ, ಪ್ರಸಾರದ ಬಂಡಿಗಳು ಅಲ್ಲಿವೆ, ಆಟಗಾರರ ಮನೆಗಳೂ ಹೆಚ್ಚು ಕಡಿಮೆ ಅಲ್ಲೇ. ಒಂದೇ ಮೈದಾನದಲ್ಲಿ ದಿನಕ್ಕೆ ಎರಡು ಪಂದ್ಯ ಆಡಿಸಿದರೆ ಖರ್ಚು ಕಡಿಮೆ. ಇದು ಸುಳ್ಳಲ್ಲ. ಆದರೆ 2025ರಲ್ಲಿ ಬೆಂಗಳೂರಿನ ಐಪಿಎಲ್ ತಂಡ ಆರ್‌ಸಿಬಿಯ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಚಿನ್ನಸ್ವಾಮಿಯ ಬಾಗಿಲು ಮುಚ್ಚಿತು, ಇಡೀ ಟೂರ್ನಿಯನ್ನು ಮೈಸೂರಿಗೆ ಎತ್ತಿಕೊಂಡು ಹೋದರು. ಮನಸ್ಸು ಮಾಡಿದರೆ ಬಂಡಿಗಳು ಉರುಳುತ್ತವೆ ಎಂದಾಯಿತು. ಅವು ಹಾವೇರಿ ದಾಟಿ ಉತ್ತರಕ್ಕೆ ಉರುಳಲಿಲ್ಲ, ಅಷ್ಟೇ.

ಜನಸಂಖ್ಯೆಯನ್ನೇ ಮಾರುಕಟ್ಟೆ ಎನ್ನುವುದಾದರೆ 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ್ದು 9.43 ಲಕ್ಷ, ಮಹಾನಗರ ಪಾಲಿಕೆಗಳಲ್ಲಿ ಬೆಂಗಳೂರಿನ ನಂತರದ ಸ್ಥಾನ, ಮೈಸೂರಿಗಿಂತ ಮೇಲೆ. ಇದರಲ್ಲಿ ನವಲಗುಂದವಿಲ್ಲ, ಕುಂದಗೋಳವಿಲ್ಲ, ಕಲಘಟಗಿ ಇಲ್ಲ. ಲೀಗಿನ ನಕ್ಷೆ ಮಾತ್ರ ಬೇರೆ ಲೆಕ್ಕ ಹೇಳುತ್ತದೆ. 2019ರ ಕೆಪಿಎಲ್‌ನ ಏಳು ತಂಡಗಳಲ್ಲಿ ನಾಲ್ಕು ಉತ್ತರ ಕರ್ನಾಟಕದವು: ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಬಳ್ಳಾರಿ. ಮಹಾರಾಜ ಟ್ರೋಫಿಯ ಆರರಲ್ಲಿ ಎರಡು, ಹುಬ್ಬಳ್ಳಿ ಮತ್ತು ಕಲಬುರಗಿ. ಬೆಳಗಾವಿ ಪ್ಯಾಂಥರ್ಸ್, ಬಿಜಾಪುರ ಬುಲ್ಸ್ ಅಭಿಮಾನಿಗಳು ಈಗ ಯಾರ ಕಡೆ ಎಂದು ಯಾರೂ ಕೇಳಿಲ್ಲ.

ಪ್ರಸಾರದ ಲೆಕ್ಕದಲ್ಲಿ ಈ ಭಾಗ ಯಾವಾಗಲೂ ಹಿಂದಿನ ಬೆಂಚಿನದಲ್ಲ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದು 1950ರಲ್ಲಿ. ಬೆಂಗಳೂರಿಗೆ ಅದು ಬಂದದ್ದು 1955ರಲ್ಲಿ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರ ದನಿ ಕೇಳಲು ಮಂದಿ ರೇಡಿಯೋ ಇದ್ದವರ ಮನೆಯ ಕಟ್ಟೆಗೆ ಬರುತ್ತಿದ್ದ ಕಾಲದಲ್ಲಿ, ಗಂಗೂಬಾಯಿ ದೊಡ್ಡವರೋ ಭೀಮಸೇನರೋ ಎಂಬ ಶ್ರೇಯಾಂಕದ ವಾದವೂ ಇಂಥದೇ ಕಾವಿನಲ್ಲಿ ನಡೆದಿದ್ದೀತು. ಆಗ ಕೇಳುವವರು ಇದ್ದಲ್ಲಿಗೆ ಕೇಂದ್ರ ಬಂತು. ಈಗ ನೋಡುವವರನ್ನು ದೂರದಿಂದ ಎಣಿಸಿದರೆ ಸಾಕು. ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆ 2015ರಿಂದ ಹಳ್ಳಿಗಳ ವೀಕ್ಷಣೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಅಣ್ಣಿಗೇರಿಯ ಮನೆಯೊಂದರಲ್ಲಿ ಹಚ್ಚಿದ ಟಿವಿ ‘ಕರ್ನಾಟಕ ಮಾರುಕಟ್ಟೆ’ಯ ಭಾಗವೇ. ಅದರ ಬಲ ತೋರಿಸಿ ಜಾಹೀರಾತಿನ ದರ ಕುದುರುತ್ತದೆ, ಪಂದ್ಯ ಮಾತ್ರ ಬೆಂಗಳೂರು, ಮೈಸೂರಿನಲ್ಲಿ ನಡೆಯುತ್ತದೆ.

ಕುಂದಗೋಳದ ರೈತರಿಗೆ ಈ ವ್ಯವಹಾರ ಬಿಡಿಸಿ ಹೇಳಬೇಕಿಲ್ಲ. ಅವರ ಹೊಲದಲ್ಲಿ ಬೆಳೆದ ಮೆಣಸಿನಕಾಯಿ ಬ್ಯಾಡಗಿ ಹೆಸರಲ್ಲಿ ಮಾರುತ್ತದೆ. ಬೆಳೆದ ಊರು ಯಾವುದೆಂದು ತಿನ್ನುವವನಿಗೆ ಬೇಕಿಲ್ಲ. ಟೈಗರ್ಸ್ ಕಥೆ ಇದರ ತಿರುವುಮುರುವು. ಹೆಸರು ಇಲ್ಲಿಯದು, ಮಾಲು ಬೇರೆ ಕಡೆಯದು. ಪ್ರತಿ ತಂಡದಲ್ಲಿ ಅದರ ವಲಯದ ಇಬ್ಬರಾದರೂ ಇರಬೇಕೆಂಬ ನಿಯಮವಿದೆ. ಇಬ್ಬರು! ಧಾರವಾಡ ವಲಯದ ಇಷ್ಟು ದೊಡ್ಡ ಸೀಮೆಗೆ ಆ ಸಂಖ್ಯೆ ನನಗಂತೂ ಉಪಚಾರದ ಮಾತಾಗಿ ಕಾಣುತ್ತದೆ.

ಪ್ರತಿಭೆ ಇಲ್ಲವೆನ್ನಲು ಬರುವುದಿಲ್ಲ. ಗದುಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ ಶಾಲೆಯ ಹೊತ್ತಿಗೆ ಮರಳುತ್ತಿದ್ದರು ಎಂಬುದು ಪ್ರಸಿದ್ಧ. ಗದಗ–ಹುಬ್ಬಳ್ಳಿ ದಾರಿ ಎಂದರೆ ನಡುವೆ ಅಣ್ಣಿಗೇರಿ. ಆ ಹುಡುಗ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ನಮ್ಮ ಕಡೆಯ ಯಾವ ಶ್ರೇಯಾಂಕದ ವಾದವೂ ಈ ಅಂಕಿ ಹೇಳದೆ ಮುಗಿಯುವುದಿಲ್ಲ. ಹೇಳುವವರಲ್ಲಿ ಅರ್ಧ ಜನ ಅಂದು ಹುಟ್ಟಿಯೂ ಇರಲಿಲ್ಲ.

ದೊಡ್ಡ ಮಾರುಕಟ್ಟೆ ಇದ್ದರೆ ತಂಡ ದೊಡ್ಡದಾಗುತ್ತದೆ ಎಂಬ ನಂಬಿಕೆಯನ್ನು ಐಪಿಎಲ್ ಮೊದಲ ವರ್ಷವೇ ಮುರಿಯಿತು. 2008ರಲ್ಲಿ ಬೆಂಗಳೂರು ತಂಡ 11.16 ಕೋಟಿ ಡಾಲರಿಗೆ ಹೋಯಿತು, ಮುಂಬೈ ಬಿಟ್ಟರೆ ಅದೇ ದುಬಾರಿ. ಎಲ್ಲಕ್ಕಿಂತ ಅಗ್ಗ ರಾಜಸ್ಥಾನ, 6.7 ಕೋಟಿ. ಕಪ್ ಎತ್ತಿದ್ದು ರಾಜಸ್ಥಾನ. ಬೆಂಗಳೂರು ಎಂಟರಲ್ಲಿ ಏಳನೆಯದು. ಬೆಂಗಳೂರಿಗೆ ಕಪ್ ಬರಲು 2025ರ ಜೂನ್ 3ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಸೋತರೂ ಅಭಿಮಾನಿಗಳು ಕರಗಲಿಲ್ಲ ಎಂಬುದು ಮಾರುಕಟ್ಟೆಯವರಿಗೆ ಖುಷಿಯ ಸುದ್ದಿ, ಆಟದ ದೃಷ್ಟಿಯಿಂದ ತುಸು ಚಿಂತೆಯದು. ಗೆಲ್ಲದಿದ್ದರೂ ಮಾಲು ಖರ್ಚಾಗುತ್ತದೆ ಎಂದಾದರೆ ಗೆಲ್ಲುವ ಅವಸರ ಯಾರಿಗೆ?

ಈ ಅಭಿಮಾನದಲ್ಲಿ ಹಳ್ಳಿಯ ಪಾಲು ಎಷ್ಟೆಂದು ತಿಳಿಯಲು 2024ರ ಮೇ 18ನ್ನು ನೆನೆದರೆ ಸಾಕು. ಐಪಿಎಲ್ ಪ್ಲೇಆಫ್ ಮುಟ್ಟಲು ಬೆಂಗಳೂರು ತಂಡ ಚೆನ್ನೈಯನ್ನು ಸೋಲಿಸಿದರಷ್ಟೇ ಸಾಲದು, ಕನಿಷ್ಠ 18 ರನ್ ಅಂತರ ಬೇಕು. ರನ್ ರೇಟಿನ ಮರ್ಮ ಹಾಗಿತ್ತು. ತಂಡ ತಾನು ಓವರಿಗೆ ಗಳಿಸಿದ್ದರಿಂದ ಎದುರಾಳಿಗೆ ಕೊಟ್ಟದ್ದನ್ನು ಕಳೆಯುವ ಆ ಲೆಕ್ಕವನ್ನು, ಆಲೌಟಾದರೆ ಪೂರ್ತಿ 20 ಓವರ್ ಹಿಡಿಯುವ ಸೂಕ್ಷ್ಮದ ಸಮೇತ, ಟ್ರ್ಯಾಕ್ಟರ್ ಓಡಿಸುವ ಹುಡುಗರು ಬಾಯಿಪಾಠ ಮಾಡಿಕೊಂಡಿದ್ದರು. ಬೆಂಗಳೂರು 218, ಚೆನ್ನೈ 191, ಅಂತರ 27.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಈ ಚರ್ಚೆ ವಾರವಾರದ ವ್ಯಾಪಾರ. ಪ್ರತಿ ವಾರ 32 ತಂಡಗಳ ಬಲಾಬಲದ ಪಟ್ಟಿ ಬರುತ್ತದೆ, ಪ್ರತಿ ವಾರ ಬೈಗುಳ. ಅಲ್ಲಿ ಗ್ರೀನ್ ಬೇ ಎಂಬ ಊರಿದೆ, ಜನಸಂಖ್ಯೆ ಒಂದು ಲಕ್ಷದ ಆಜುಬಾಜು, ಗದಗ-ಬೆಟಗೇರಿಗಿಂತಲೂ ಸಣ್ಣದು. ಅದರ ಪ್ಯಾಕರ್ಸ್ ತಂಡ ಗೆದ್ದ ಲೀಗ್ ಪ್ರಶಸ್ತಿಗಳು 13, ಬೇರಾವ ತಂಡಕ್ಕೂ ಅಷ್ಟಿಲ್ಲ. ತಂಡದ ಒಡೆತನ ಯಾವ ಶ್ರೀಮಂತನದೂ ಅಲ್ಲ, ಷೇರು ಕೊಂಡ ಸಾಮಾನ್ಯರದು. ಸಣ್ಣ ಊರಿನ ತಂಡ ಗಟ್ಟಿಯಾಗಿ ಉಳಿದದ್ದಕ್ಕೆ ಇನ್ನೊಂದು ಕಾರಣ 1961ರಿಂದ ನಡೆದುಬಂದ ಪದ್ಧತಿ: ದೇಶವ್ಯಾಪಿ ಟಿವಿ ಹಕ್ಕಿನ ಹಣ ಎಲ್ಲ ತಂಡಗಳಿಗೂ ಸಮಪಾಲು. ಮಹಾರಾಜ ಟ್ರೋಫಿಯಲ್ಲೂ ಸಮಪಾಲಿನ ಒಂದು ಎಳೆ ಇದೆ. 2023ರ ಹರಾಜಿನಲ್ಲಿ ಪ್ರತಿ ತಂಡಕ್ಕೂ ಮಿತಿ 50 ಲಕ್ಷ. ಬೆಂಗಳೂರಿಗೂ ಅಷ್ಟೇ, ಹುಬ್ಬಳ್ಳಿಗೂ ಅಷ್ಟೇ. ನಾಲ್ಕು ವರ್ಷಕ್ಕೆ ನಾಲ್ಕು ವಿಜೇತರು ಬಂದದ್ದರಲ್ಲಿ ಇದರ ಪಾಲು ದೊಡ್ಡದು ಎಂದು ನನ್ನ ಎಣಿಕೆ. ಆದರೆ ಗ್ರೀನ್ ಬೇ ತಂಡ ಆಡುವುದು ಗ್ರೀನ್ ಬೇಯಲ್ಲಿ. ಹಣ ಹಂಚಿದವರು ಆಟವನ್ನೂ ಹಂಚಿದ್ದಾರೆ.

ಹಂಚಿದರೆ ನೋಡಲು ಬರುವವರು ಯಾರು ಎಂಬ ಪ್ರಶ್ನೆಗೆ ಗಿರ್ಮಿಟ್ ಅಂಗಡಿಯಲ್ಲಿ ಉತ್ತರ ಸಿದ್ಧವಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ನಾಲ್ಕೂ ಊರುಗಳು ಹುಬ್ಬಳ್ಳಿಯಿಂದ ನಲವತ್ತು ಕಿಲೋಮೀಟರಿನ ಒಳಗೇ ಇವೆ. ಸಂತೆಗೆ, ದವಾಖಾನೆಗೆ, ಕಾಲೇಜಿಗೆ ದಿನಾ ಬಸ್ಸು ತುಂಬಿ ಹೋಗುವ ದಾರಿಗಳು. ತೊಡಕು ಇರುವುದು ಮರಳುವ ಬಸ್ಸಿನದು. ಸಂಜೆ ಏಳಕ್ಕೆ ಶುರುವಾಗುವ ಆಟ ಮುಗಿಯುವ ಹೊತ್ತಿಗೆ ಹಳ್ಳಿಯ ಕಡೆಯ ಕೊನೆಯ ಗಾಡಿ ಹೋಗಿರುತ್ತದೆ. ಅದಕ್ಕೂ ಒಬ್ಬರು ಹಾದಿ ಹುಡುಕಿದ್ದಾರೆ:

“ಹುಬ್ಬಳ್ಳಿ ಮ್ಯಾಚ್ ಮಧ್ಯಾಹ್ನ ಮೂರಕ್ಕ ಇಡ್ರಿ ಅಂತ ಬರಿಯೋ ತಮ್ಮಾ. ಮುಂಜಾನೆ ಹೆಸರು ಬಿಡಿಸಿ ಬರ್ತೀವಿ.”