ಸೋರುವ ತಾರಸಿಗೆ ಡಬ್ಬಿಯ ಮದ್ದು

ಮಳೆಗಾಲ ಹತ್ತಿರವಾದಂತೆ ಹಾರ್ಡ್‌ವೇರ್ ಅಂಗಡಿಗಳ ಮುಂದೆ 20 ಲೀಟರಿನ ಬಿಳಿ ಬಕೆಟ್‌ಗಳು ಸಾಲಾಗಿ ಬಂದು ಕೂರುತ್ತವೆ. ಎರಡು ಕೋಟ್ ಹೊಡೆದರೆ ವರ್ಷಗಟ್ಟಲೆ ಸೋರುವುದಿಲ್ಲ ಎಂಬ ಭರವಸೆ ಅಂಗಡಿಯಲ್ಲೇ ಸಿಗುತ್ತದೆ, ಬಳಿಯುವ ರೀತಿ ತೋರಿಸುವ ವಿಡಿಯೊ ಫೋನಿನಲ್ಲಿ. ಮೇಸ್ತ್ರಿಯ ಕೂಲಿಯೂ ಉಳಿಯಿತು, ಅವನಿಗಾಗಿ ಕಾಯುವ ಕಾಟವೂ ತಪ್ಪಿತು ಎಂದುಕೊಂಡು ಮನೆಯವರೇ ಭಾನುವಾರ ಬ್ರಷ್ಷು ಹಿಡಿದು ತಾರಸಿ ಹತ್ತುತ್ತಾರೆ. ಡಬ್ಬಿಯಲ್ಲಿರುವ ವಸ್ತು ಬಹುಮಟ್ಟಿಗೆ ಒಳ್ಳೆಯದೇ. ಎಡವಟ್ಟಾಗುವುದು ಕಾಂಕ್ರೀಟಿನೊಳಗೆ ಆಗಲೇ ಸೇರಿಕೊಂಡಿರುವ ನೀರನ್ನು ಮರೆತಾಗ.

ಕಾಂಕ್ರೀಟ್ ಕಣ್ಣಿಗೆ ಕಲ್ಲಿನಂತೆ ಕಂಡರೂ ಒಳಗೆಲ್ಲ ತೂತು. ಸಿಮೆಂಟು ಗಟ್ಟಿಯಾಗುವ ರಾಸಾಯನಿಕ ಕ್ರಿಯೆಯಲ್ಲಿ ಬೆರೆತುಹೋಗುವ ನೀರು ಸಿಮೆಂಟಿನ ತೂಕದ ಸುಮಾರು ಕಾಲುಭಾಗ ಮಾತ್ರ. ಕಲಸಲು, ಹರಡಲು ಸಲೀಸಾಗಲಿ ಎಂದು ಅದರ ಎರಡು ಪಟ್ಟು ಸುರಿಯುವುದು ಕಟ್ಟಡ ಕೆಲಸದಲ್ಲಿ ಮಾಮೂಲು. ಹೆಚ್ಚುವರಿ ನೀರು ಆರಿಹೋದ ಜಾಗದಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣದಾದ ರಂಧ್ರಗಳು ಉಳಿಯುತ್ತವೆ. ರಂಧ್ರ ಸಣ್ಣದಾದಷ್ಟೂ ನೀರನ್ನು ಹೆಚ್ಚು ಬಲವಾಗಿ ಎಳೆದುಕೊಳ್ಳುತ್ತದೆ. ಇದೇ ಲೋಮನಾಳ ಕ್ರಿಯೆ. ಹೀಗಾಗಿ ತಾರಸಿಗೆ ಇಳಿದ ನೀರು ನೆಟ್ಟಗೆ ಕೆಳಗೆ ಬರುವುದಿಲ್ಲ, ಅಡ್ಡಡ್ಡ ಅಲೆದು ಬರುತ್ತದೆ. ಅಡುಗೆಮನೆಯ ಸೀಲಿಂಗಿನಲ್ಲಿ ಕಾಣುವ ಹಳದಿ ಕಲೆಗೆ ಮೂಲ ಹತ್ತಡಿ ಆಚೆಯ ಪ್ಯಾರಾಪೆಟ್ ಗೋಡೆಯ ಬುಡದಲ್ಲೋ, ಮಳೆನೀರಿನ ಪೈಪಿನ ಬಾಯಲ್ಲೋ ಇರಬಹುದು. ಕಲೆಯ ಮೇಲ್ಭಾಗಕ್ಕಷ್ಟೇ ಬಳಿದವರಿಗೆ ಮುಂದಿನ ಮಳೆಗೆ ಪಕ್ಕದ ಕೋಣೆಯಲ್ಲಿ ಹೊಸ ಕಲೆ ಕಾಣುತ್ತದೆ.

ಇನ್ನೂ ಹಸಿಯಿರುವ ತಾರಸಿಗೆ ಬಳಿದರೆ ಆಗುವುದು ಬೇರೆಯೇ. ಸೋರಿಕೆ ನೆನಪಾಗುವುದು ಮೊದಲ ಮಳೆ ಬಿದ್ದ ಮೇಲೆ. ಎರಡು ದಿನ ಬಿಸಿಲು ಬಂದೊಡನೆ ಬಳಿಯುವ ಅವಸರ. ಮೇಲ್ಮೈ ಆಗ ಒಣಗಿದಂತೆ ಕಂಡರೂ ಒಳಗಿನ ತೇವ ಹಾಗೇ ಇರುತ್ತದೆ. ಅದರ ಮೇಲೆ ರಬ್ಬರಿನಂಥ ಪದರ ಕೂತರೆ ತೇವಕ್ಕೆ ಹೊರದಾರಿ ಇಲ್ಲ. 20 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಸುಮಾರು 2.3 ಕಿಲೊಪಾಸ್ಕಲ್, ಸುಡುಬಿಸಿಲಿಗೆ ತಾರಸಿ 60 ಡಿಗ್ರಿ ಮುಟ್ಟಿದರೆ ಅದು 20ರ ಹತ್ತಿರ, ಅಂದರೆ ಎಂಟು ಪಟ್ಟಿಗೂ ಹೆಚ್ಚು. ಬಾಣಲೆಯಲ್ಲಿನ ಪೂರಿಯಂತೆ ಪದರ ಅಲ್ಲಲ್ಲಿ ಉಬ್ಬುತ್ತದೆ. ಬಟ್ಟೆ ಒಣಹಾಕಲು ಬಂದವರ ಕಾಲು ತಗುಲಿ ಒಂದು ಗುಳ್ಳೆ ಒಡೆದರೆ ಸಾಕು, ಮಳೆನೀರು ಆ ತೂತಿನಿಂದ ಪದರದಡಿಗೆ ನುಗ್ಗುತ್ತದೆ. ಬರಿ ತಾರಸಿಯಾಗಿದ್ದರೆ ಬಿಸಿಲಿಗೆ ಆರುತ್ತಿದ್ದ ನೀರು ಈಗ ಅಲ್ಲೇ ಕೂರುತ್ತದೆ.

ಹಾಗೆ ಕೂತ ನೀರಿಗೆ ಸಿಗುವುದು ಕಂಬಿ. ಹೊಸ ಕಾಂಕ್ರೀಟಿನ ಪಿಎಚ್ 12.5ರಿಂದ 13ರವರೆಗೆ ಇರುತ್ತದೆ. ಅಷ್ಟು ಕ್ಷಾರ ಇರುವ ತನಕ ಕಂಬಿಯ ಮೇಲೊಂದು ತೆಳು ಆಕ್ಸೈಡ್ ಪೊರೆ ನಿಂತು ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡ್ ವರ್ಷಾನುಗಟ್ಟಲೆ ಒಳಗಿಳಿದು ಪಿಎಚ್ ಅನ್ನು 9ರ ಸುಮಾರಿಗೆ ಇಳಿಸಿದಾಗ ಪೊರೆ ಕರಗುತ್ತದೆ. ಆಮೇಲೆ ನೀರು, ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೇ ಸೀಲಿಂಗಿನ ಕಾಂಕ್ರೀಟ್ ಹಪ್ಪಳೆಯಾಗಿ ಕಳಚಿ ಬೀಳುವುದು. ಇದನ್ನು ಕಂಡು ಕೆಲವರು ಕೋಣೆಯೊಳಗಿನಿಂದ ಸೀಲಿಂಗಿಗೇ ವಾಟರ್‌ಪ್ರೂಫ್ ಬಣ್ಣ ಹೊಡೆಯುತ್ತಾರೆ. ಕಲೆ ಮರೆಯಾಗುತ್ತದೆ, ಮೇಲಿನಿಂದ ಬರುವ ನೀರು ಬರುತ್ತಲೇ ಇರುತ್ತದೆ. ಎಚ್ಚರಿಕೆ ಕೊಡುತ್ತಿದ್ದ ಕಲೆಯನ್ನೇ ಅಳಿಸಿಬಿಡುವ ಈ ಕೆಲಸ ಎಲ್ಲ ತಪ್ಪುಗಳಲ್ಲಿ ಅತಿ ದಡ್ಡತನದ್ದು.

ಕಾಂಕ್ರೀಟಿನ ತೇವ ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ತಾರಸಿಗೆ ಅಂಟಿಸಿ 16 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಅದರಡಿಯ ಕಾಂಕ್ರೀಟ್ ಕಪ್ಪಗಾಗಿದ್ದರೆ, ಬಳಿಯುವುದನ್ನು ಮುಂದಕ್ಕೆ ಹಾಕುವುದೇ ಸರಿ.

ಬಳಿದರೂ ಸಾಲದು ಎನಿಸಿದಾಗ ಹೊಳೆಯುವ ಇನ್ನೊಂದು ಉಪಾಯ, ಹಳೆಯ ಗಾರೆಯ ಮೇಲೆ ಹೊಸ ಗಾರೆ. ಇಟ್ಟಿಗೆಚೂರು ಹಾಕಿ ನಾಲ್ಕಿಂಚು ದಪ್ಪ ಎಳೆದರೆ ಚದರ ಮೀಟರಿಗೆ ಸುಮಾರು 190 ಕಿಲೊ ಹೊಸ ಭಾರ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಲೆಕ್ಕಕ್ಕೆ ಹಿಡಿಯುವ ಓಡಾಟದ ಭಾರವೇ ಚದರ ಮೀಟರಿಗೆ 150 ಕಿಲೊದಷ್ಟು. ಹಳೆಯದನ್ನು ಕೀಳದೆ ಎರಡನೆಯ, ಮೂರನೆಯ ಪದರ ಹಾಕಿಸಿದವರು ಇಡೀ ತಾರಸಿಯಲ್ಲಿ ಜನರನ್ನು ಕಾಯಂ ನಿಲ್ಲಿಸಿದ ಲೆಕ್ಕವೇ. ನೀರನ್ನು ಹೊರಗಟ್ಟುವ ಕೆಲಸವನ್ನು ಇಳಿಜಾರು ಮತ್ತು ಪೈಪಿನ ಬಾಯಿ ಮಾಡಬೇಕು. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ಸುರಿಯಿತು. ಸಾವಿರ ಚದರಡಿಯ ಒಂದೊಂದು ತಾರಸಿಗೆ ಬಿದ್ದದ್ದು ಸುಮಾರು 12 ಸಾವಿರ ಲೀಟರ್, ಎರಡು ಟ್ಯಾಂಕರ್ ನೀರು. ಪೈಪಿನ ಬಾಯಿಗೆ ಬೇವಿನೆಲೆ ಕಟ್ಟಿಕೊಂಡಿದ್ದರೆ ಎಂಥ ದುಬಾರಿ ಲೇಪವೂ ಕೈಕೊಟ್ಟೀತು.

ಇಲ್ಲಿಯವರೆಗಿನದು ಕಟ್ಟಡದ ಕಥೆ. ಬಳಿಯುವವರ ದೇಹಕ್ಕೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ 2005ರಲ್ಲಿ ನಡೆದದ್ದು ಕಣ್ಣು ತೆರೆಸುವಂಥದ್ದು. ಬಚ್ಚಲುಮನೆಯ ಟೈಲ್ಸ್ ಸಂದಿಯ ಗ್ರೌಟಿಗೆ ನೀರು ಇಳಿಯದಂತೆ ಮನೆಯವರೇ ಸಿಂಪಡಿಸಿಕೊಳ್ಳಬಹುದಾದ ‘ಸ್ಟ್ಯಾಂಡ್ ಎನ್ ಸೀಲ್’ ಎಂಬ ಸ್ಪ್ರೇ ಅಲ್ಲಿ ಮಾರಾಟದಲ್ಲಿತ್ತು. ಆ ವರ್ಷ ಅದರ ನೀರು ನಿರೋಧಕ ಅಂಶವನ್ನು ಬದಲಿಸಿದ ಕೆಲವೇ ದಿನಗಳಲ್ಲಿ ಬಳಸಿದವರು ಕೆಮ್ಮು, ಉಸಿರುಕಟ್ಟುವಿಕೆಯಿಂದ ಆಸ್ಪತ್ರೆ ಸೇರತೊಡಗಿದರು. ಆಗಸ್ಟ್ ಕೊನೆಯಲ್ಲಿ ಸುಮಾರು 3 ಲಕ್ಷ ಡಬ್ಬಿಗಳನ್ನು ವಾಪಸ್ ಕರೆಸಲಾಯಿತು. ಮರುವರ್ಷ ಮಾರ್ಚಿನಲ್ಲಿ ಜರ್ಮನಿಯ ಸರದಿ. ಗಾಜು ಮತ್ತು ಬಚ್ಚಲ ಟೈಲ್ಸಿಗೆ ಹೊಡೆಯುವ ‘ಮ್ಯಾಜಿಕ್ ನ್ಯಾನೊ’ ಎಂಬ ಸ್ಪ್ರೇ ನೂರರಷ್ಟು ಜನರ ಉಸಿರಾಟ ಕೆಡಿಸಿತು; ಆರು ಮಂದಿಯ ಶ್ವಾಸಕೋಶದಲ್ಲಿ ನೀರು ತುಂಬಿತು. ಹೆಸರಿನಲ್ಲಿ ನ್ಯಾನೊ ಇದ್ದ ಆ ಡಬ್ಬಿಯಲ್ಲಿ ನ್ಯಾನೊ ಕಣಗಳೇ ಇರಲಿಲ್ಲ ಎಂಬುದು ಆಮೇಲಿನ ತಪಾಸಣೆಯಲ್ಲಿ ಗೊತ್ತಾಯಿತು.

ಕಾರಣ ಶ್ವಾಸಕೋಶದ ರಚನೆಯಲ್ಲೇ ಇದೆ. ಗಾಳಿಗೂಡುಗಳ ಒಳಮೈಗೆ ತೆಳುವಾದ ದ್ರವದ ಪದರವಿದ್ದು, ಅದರ ಮೇಲೆ ಸರ್ಫ್ಯಾಕ್ಟಂಟ್ ಎಂಬ ಕೊಬ್ಬು-ಪ್ರೋಟೀನಿನ ಮಿಶ್ರಣ ಹರಡಿಕೊಂಡಿರುತ್ತದೆ. ಉಸಿರು ಬಿಟ್ಟಾಗ ಗೂಡುಗಳು ಮುದುಡಿ ಅಂಟಿಕೊಳ್ಳದಂತೆ ಕಾಯುವುದು ಅದೇ. ಫ್ಲೋರಿನ್ ಸೇರಿದ ನೀರು ನಿರೋಧಕಗಳು ಟೈಲ್ಸ್ ಮೇಲೆ ನೀರನ್ನು ದೂರ ತಳ್ಳುವ ಗುಣದಿಂದಲೇ ಈ ಪದರವನ್ನೂ ಕೆಡಿಸುತ್ತವೆ. ಡೆನ್ಮಾರ್ಕಿನ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ತೋರಿಸಿದ್ದಾರೆ. ಹನಿಯ ಗಾತ್ರವೂ ಮುಖ್ಯ. ಒತ್ತಡದ ಡಬ್ಬಿಯಿಂದ ಹೊರಡುವ ನವಿರು ಮಂಜು ಗಾಳಿಗೂಡುಗಳವರೆಗೂ ಇಳಿಯುತ್ತದೆ. ಮ್ಯಾಜಿಕ್ ನ್ಯಾನೊವನ್ನು ಕೈಪಂಪಿನ ಬಾಟಲಿಯಲ್ಲಿ ಮಾರುತ್ತಿದ್ದಾಗ ಯಾರಿಗೂ ಏನೂ ಆಗಿರಲಿಲ್ಲ. ಇಂಥದ್ದನ್ನು ಬ್ರಷ್ಷಿನಿಂದ ಬಳಿಯುವುದಕ್ಕೂ, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಸಿಂಪಡಿಸುವುದಕ್ಕೂ ಅಜಗಜಾಂತರ.

ನಮ್ಮೂರುಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇರುವುದು ಅಂಗಳದ ಸಂಪಿನಲ್ಲಿ. ನೀರು ಸೋರದಂತೆ ಅದರೊಳಗೂ ಬಳಿಯುವ ಕೆಲವು ಲೇಪಗಳಲ್ಲಿ ದ್ರಾವಕವಾಗಿ ಟಾಲ್ಯೂಯಿನ್, ಜೈಲೀನ್ ಇರುತ್ತವೆ. ಇವುಗಳ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ; ಎರಡಡಿ ಬಾಯಿಯ ಸಂಪಿನೊಳಗೆ ಅದು ತಳದಲ್ಲೇ ತುಂಬಿಕೊಳ್ಳುತ್ತದೆ. ಒಳಗಿನವರಿಗೆ ಮೊದಲು ತಲೆ ಸುತ್ತು, ಆಮೇಲೆ ಏಣಿ ಹತ್ತಲೂ ಆಗದಷ್ಟು ಮಂಪರು. ಬಲ್ಬಿನ ವೈರಿನ ಒಂದು ಕಿಡಿಗೆ ಅದೇ ಆವಿ ಹೊತ್ತಿಕೊಳ್ಳಲೂಬಹುದು. ಎತ್ತಲು ಹೋದ ಎರಡನೆಯವರೂ ಅದೇ ಗಾಳಿಯನ್ನು ಉಸಿರಾಡಿ ಕುಸಿಯುವುದು ಮುಚ್ಚಿದ ಗುಂಡಿಗಳ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಕುಡಿಯುವ ನೀರಿನ ತೊಟ್ಟಿಗೆಂದೇ ದ್ರಾವಕವಿಲ್ಲದ, ಸಿಮೆಂಟು-ಪಾಲಿಮರ್ ಬೆರೆತ ಲೇಪಗಳು ಸಿಗುತ್ತವೆ. ಅದಕ್ಕೂ ಕೈಗವಸು ಬೇಕು, ಏಕೆಂದರೆ ಹಸಿ ಸಿಮೆಂಟಿನ ಕ್ಷಾರ ಗಂಟೆಗಟ್ಟಲೆ ತಗುಲಿದರೆ ಚರ್ಮ ಸುಡುತ್ತದೆ. ಪೈಪು ಜೋಡಿಸಿದ ಬ್ಲೋವರಿನಿಂದ ಹೊಸ ಗಾಳಿಯನ್ನು ತಳದವರೆಗೆ ಹಾಯಿಸುತ್ತಿರಬೇಕು, ಇಳಿದವರ ಸೊಂಟದ ಹಗ್ಗ ಮೇಲೆ ನಿಂತವರ ಕೈಯಲ್ಲಿರಬೇಕು. ಇಷ್ಟನ್ನು ಹೊಂದಿಸಲಾಗದ ಮನೆಯವರು ಸಂಪಿನ ಕೆಲಸವನ್ನು ಆ ಸಲಕರಣೆ ಇರುವವರಿಗೇ ಬಿಡಬೇಕು.