ಮೆಲಾನಿಯಾ ವೀಸಾ, ನಮ್ಮ ಬಾಣಂತನದ ವೀಸಾ

ನಿಮ್ಮ ಮನೆಯಲ್ಲೋ ಎದುರು ಮನೆಯಲ್ಲೋ ಯಾರಾದರೊಬ್ಬರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದಿರುತ್ತಾರೆ. ಚಟ್ನಿಪುಡಿ, ಅಂಟಿನುಂಡೆ ಕಟ್ಟುವ ಗಡಿಬಿಡಿಯಲ್ಲಿ ವೀಸಾದ ಬಗ್ಗೆ ಯಾರು ತಲೆ ಕೆಡಿಸ್ಕೋತಾರೆ? 'ಅದೆಲ್ಲಾ ಅಳಿಯಂದ್ರು ನೋಡ್ಕೋತಾರೆ' ಅಂದುಬಿಡ್ತೀವಿ. ಆ ಕಾಗದ ಇಪ್ಪತ್ತು ವರ್ಷದ ಮೇಲೂ ಎದ್ದು ಬಂದು ಪ್ರಶ್ನೆ ಕೇಳಬಹುದು. ಬೇಕಿದ್ದರೆ ಡೊನಾಲ್ಡ್ ಟ್ರಂಪ್ ಅವರ ಪತ್ನಿ ಮೆಲಾನಿಯಾ ಕಥೆ ಕೇಳಿ.

ಮೆಲಾನಿಯಾ ಹುಟ್ಟಿದ್ದು 1970ರಲ್ಲಿ, ಸ್ಲೊವೇನಿಯಾದಲ್ಲಿ. ಮಾಡೆಲಿಂಗ್ ಅವರ ವೃತ್ತಿ. 1996ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿಗೆ ಬಂದದ್ದು ಬಿ1/ಬಿ2 ವೀಸಾದಲ್ಲಿ. ನಮ್ಮ ಅತ್ತೆ-ಮಾವ ಹೋಗುವುದೂ ಇದರಲ್ಲೇ. ಅಕ್ಟೋಬರ್‌ನಲ್ಲಿ ಎಚ್-1ಬಿ ಸಿಕ್ಕಿತು. 2001ರಲ್ಲಿ ಗ್ರೀನ್ ಕಾರ್ಡ್, 2005ರಲ್ಲಿ ಮದುವೆ, 2006ರಲ್ಲಿ ಪೌರತ್ವ. ಎಲ್ಲಾ ಸಲೀಸು ಅನ್ನಿಸುತ್ತೆ ಅಲ್ವಾ?

2016ರ ಚುನಾವಣೆಯಲ್ಲಿ ಗಂಡ ಅಕ್ರಮ ವಲಸಿಗರ ಮೇಲೆ ಗುಡುಗತೊಡಗಿದಾಗ ಜನ ಹೆಂಡತಿಯ ಕಾಗದ ಕೇಳಿದರು. ಮತದಾನಕ್ಕೆ ಕೆಲವೇ ದಿನವಿದ್ದಾಗ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಹಳೇ ಲೆಕ್ಕಪತ್ರ ಹುಡುಕಿ ತೆಗೆಯಿತು. ಕೆಲಸದ ವೀಸಾ ಸಿಗುವ ಮುಂಚಿನ ವಾರಗಳಲ್ಲಿ ಹತ್ತು ಮಾಡೆಲಿಂಗ್ ಕೆಲಸ, ಅದಕ್ಕೆ 20,056 ಡಾಲರ್ ಸಂಭಾವನೆ! ತಾವು ಯಾವತ್ತೂ ಕಾನೂನು ಮೀರಿಲ್ಲ ಎಂಬುದು ಮೆಲಾನಿಯಾ ಅವರ ಮಾತು. ವಕೀಲರೂ ಪತ್ರ ಬರೆದು ಹಾಗೇ ಹೇಳಿದ್ದರು.

ಗ್ರೀನ್ ಕಾರ್ಡ್ ಸಿಕ್ಕಿದ್ದು 'ಅಸಾಧಾರಣ ಪ್ರತಿಭೆ'ಯವರ ಇಬಿ-1 ವಿಭಾಗದಲ್ಲಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತೇ ತಲೆ ನರೆಸಿಕೊಂಡ ನಮ್ಮ ಹುಡುಗರ ಅಮ್ಮಂದಿರಿಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯದೇ ಇದ್ದೀತೆ! ಇನ್ನೂ ಒಂದಿದೆ. ಒಬ್ಬರ ಹಿಂದೆ ಮನೆಮಂದಿಯೆಲ್ಲಾ ಬರುವುದನ್ನು ಟ್ರಂಪ್ ಬೈಯುತ್ತಲೇ ಇದ್ದರು. 2018ರ ಆಗಸ್ಟ್‌ನಲ್ಲಿ ಅವರ ಅತ್ತೆ-ಮಾವ ಅದೇ ದಾರಿಯಲ್ಲಿ ಬಂದು ಪೌರತ್ವ ಪಡೆದರು.

ನನ್ನನ್ನು ಕೇಳಿದರೆ ಕಾಗದ ಕೇಳಿದ್ದು ತಪ್ಪಲ್ಲ. ಊರಿಗೆಲ್ಲಾ ನಿಯಮ ಹೇಳುವ ಮನೆಯಲ್ಲಿ ನಿಯಮ ಹೇಗಿದೆ ಅಂತ ಜನ ನೋಡಿಯೇ ನೋಡ್ತಾರೆ. ಆದರೆ ಆಕೆಯ ಇಂಗ್ಲಿಷ್ ಉಚ್ಚಾರಣೆಯನ್ನು ಆಡಿಕೊಂಡದ್ದು, ಹಳೇ ಮಾಡೆಲಿಂಗ್ ಫೋಟೋ ಹರಡಿದ್ದು ಯಾಕೆ ಬೇಕಿತ್ತು? ತಾರೀಖು ಕೇಳೋದಕ್ಕೂ ಹೆಣ್ಣನ್ನು ಹೀಯಾಳಿಸೋದಕ್ಕೂ ಅಜಗಜಾಂತರ. 2023ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಹೊಸ ಪ್ರಜೆಗಳ ಪ್ರಮಾಣವಚನ ಸಮಾರಂಭದಲ್ಲಿ ಆಕೆ ತಾನು ಪಟ್ಟ ಕಾಗದಪತ್ರದ ಪಾಡನ್ನೇ ಹೇಳಿಕೊಂಡರು.

ಈಗ ನಮ್ಮ ಮನೆಗೆ ಬರೋಣ. ನಮ್ಮ ಚಿಕ್ಕಮ್ಮ ಬಾಣಂತನಕ್ಕೆ ಹೋಗಿದ್ದಾಗ ಪಕ್ಕದ ಮನೆ ಹುಡುಗಿ 'ಆಂಟಿ, ನಮ್ಮ ಪಾಪೂನೂ ನೋಡ್ಕೊಳ್ಳಿ, ಡಾಲರ್ ಕೊಡ್ತೀನಿ' ಅಂದಳಂತೆ. ಚಿಕ್ಕಮ್ಮ ಮನಸ್ಸಿನಲ್ಲೇ ಬಳೆಗೆ ಲೆಕ್ಕ ಹಾಕಿಬಿಟ್ಟಿದ್ದರು. ಮಗಳು ಬೇಡವೆಂದಳು. 'ಕೂತಲ್ಲೇ ಬರೋ ದುಡ್ಡು ಕಣೇ' ಅಂತ ಎರಡು ದಿನ ಮುನಿಸು. ಆದರೆ ಮಗಳು ಹೇಳಿದ್ದೇ ಸರಿ. ಸಂದರ್ಶಕರ ವೀಸಾದಲ್ಲಿ ಹೋದವರು ಅಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ. ಎಚ್-4ನಲ್ಲಿ ಹೋದ ಮಗಳು ಕೆಲಸದ ಪರವಾನಗಿ ಸಿಗುವ ಮುಂಚೆ ಮನೆಯಲ್ಲೇ ಕೇಕ್ ಮಾಡಿ ಮಾರಿದರೂ ಅದು ದುಡಿಮೆಯೇ.

ಮತ್ತೆ, ವೀಸಾ ಹತ್ತು ವರ್ಷದ್ದು ಅಂದರೆ ಹತ್ತು ವರ್ಷ ಅಲ್ಲೇ ಇರಬಹುದು ಅಂತಲ್ಲ. ಹೋಗಿ ಇಳಿದಾಗ ಅಧಿಕಾರಿ ಕೊಡುವ ಐ-94 ದಾಖಲೆಯ ತಾರೀಖೇ ಗಡುವು, ಸಾಮಾನ್ಯವಾಗಿ ಆರು ತಿಂಗಳು. ಈಗ ಅದು ಆನ್‌ಲೈನ್‌ನಲ್ಲಿ ಸಿಗುತ್ತೆ, ಪ್ರಿಂಟ್ ತೆಗೆಸಿಡಿ. ಹಳೇ ಪಾಸ್‌ಪೋರ್ಟನ್ನು ಎಸೆಯಬೇಡಿ. ಅರ್ಜಿಯಲ್ಲಿ ಅಳಿಯಂದಿರು ಏನು ತುಂಬಿದ್ದಾರೆ ಅಂತ ಓದಿಸಿಕೊಂಡೇ ಸಹಿ ಹಾಕಿ, ಯಾಕಂದ್ರೆ ನಾಳೆ ಉತ್ತರ ಕೊಡಬೇಕಾದವರು ನೀವೇ.

ಚಿಕ್ಕಮ್ಮ ಈಗ ಎರಡನೇ ಬಾಣಂತನಕ್ಕೆ ಹೊರಟಿದ್ದಾರೆ. ಹೋದ ಸಲ ಕಾಗದದ ಫೈಲು ಅಂಟಿನುಂಡೆ ಡಬ್ಬಿಯ ಕೆಳಗಿತ್ತು. ಈ ಸಲ ಅವರ ಹ್ಯಾಂಡ್‌ಬ್ಯಾಗಿನಲ್ಲಿದೆ.