ಕೊರಳ ಹಾರದಂಥ ಸಂಖ್ಯೆ

ವಿದ್ಯಾರ್ಥಿಗಳೇ, ‘ಕವಿರಾಜಮಾರ್ಗ’ದಲ್ಲಿ ಕೊಪಣ ನಗರದ, ಅಂದರೆ ಇಂದಿನ ಕೊಪ್ಪಳದ, ಹೆಸರಿದೆ. ಆ ಕೃತಿ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, 9ನೇ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲೊಂದು ಲೆಕ್ಕ: 27994681ನ್ನು 441ರಿಂದ ಗುಣಿಸಿ. ಉತ್ತರ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಇದು ಪವಾಡವೇ? ಅಲ್ಲ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21 × 5291 = 111111. ಆದ್ದರಿಂದ ಉತ್ತರವು 111111ರ ವರ್ಗ. 111111ನ್ನು ಆರು ಸಲ, ಪ್ರತಿ ಸಾಲನ್ನೂ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಿಸಿ. ಬಲತುದಿಯ ಕಂಬಸಾಲಿನಲ್ಲಿ ಒಂದು 1, ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಇಳಿಕೆ. ದಶಕ ಎಲ್ಲೂ ಬರುವುದಿಲ್ಲ. ಹಾರದ ಅಂದಕ್ಕೆ ಕಾರಣ ಸ್ಥಾನಬೆಲೆ. ಒಂಬತ್ತು 1ಗಳವರೆಗೂ ಹೀಗೆಯೇ. ಹತ್ತಾದರೆ? ಪೆನ್ಸಿಲ್ ಹಿಡಿದು ನೀವೇ ನೋಡಿ.